ಎಂಟನೆಯ ಸಾಲು

“ಗುರುಗಳೇ, ಇದರಲ್ಲಿ ಆರು ನಾಬ್‌ಗಳಿವೆ. ಯಾವುದನ್ನು ಎಷ್ಟು ತಿರುಗಿಸಲಿ?” ಎಂದು ಶಿಷ್ಯೆ ಕೇಳಿದಳು.

ಅವಳು ಧ್ವನಿಮುದ್ರಣ ಕಲಿಯಲು ಬಂದು ಎರಡು ವರ್ಷವಾಗಿತ್ತು. ಆ ದಿನ ಬೆಳಿಗ್ಗೆ ತನ್ನದೇ ದನಿಯಲ್ಲಿ ಒಂದು ಜೋಗುಳ ಹಾಡಿ ಮುದ್ರಿಸಿಕೊಂಡಿದ್ದಳು. ಜೋಗುಳ ಕಲಿಸಿದವಳು ಅವಳ ಅಕ್ಕ. ಅಕ್ಕನೂ ಜೊತೆಯಲ್ಲಿ ಬಂದಿದ್ದಳು. ಆದರೆ ತಂಗಿ ಹಾಡುವಾಗ ಸಾಲಿನ ಕೊನೆಗೆ ದನಿಗೂಡಿಸುವ ಚಾಳಿ ಅವಳಿಗಿತ್ತು. ಅವಳದೋ ಒಡಕು ದನಿ. ಅದಕ್ಕೆ ಶಿಷ್ಯೆ ಅಕ್ಕನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಬಾಗಿಲು ಹಾಕಿಕೊಂಡು ಹಾಡಿದ್ದಳು. ಸಾಲುಗಳ ನಡುವೆ ಉಳಿದಿದ್ದ ಸಣ್ಣಪುಟ್ಟ ಸದ್ದುಗಳನ್ನೂ ಒರೆಸಿಹಾಕಿದ್ದಳು. ಈಗ ಅವಳೆದುರಿನ ಕಂಪ್ಯೂಟರಿನಲ್ಲಿ ದನಿಗೆ ಮಾರ್ದನಿ ಕೊಡುವ ಹಳೆಯ ಕಾಲದ ಟೇಪ್ ಎಕೋ ಯಂತ್ರದ ಚಿತ್ರವಿತ್ತು. ಹಿಂದೆ ಟ್ರಂಕಿನಷ್ಟು ದೊಡ್ಡದಾಗಿದ್ದ ಯಂತ್ರ ಅದು. ಈಗ ಬರೀ ಪ್ಲಗಿನ್ ಆಗಿ, ಅಂದರೆ ತಂತ್ರಾಂಶದ ತುಣುಕಾಗಿ, ಪರದೆಯೊಳಗೆ ಕೂತಿದೆ. ನಾಬ್‌ಗಳು ಮಾತ್ರ ಹಿಂದಿದ್ದವೇ.

“ಆರನ್ನೂ ತಿರುಗಿಸಿ ನೋಡಿದವನೊಬ್ಬನಿದ್ದ. ಅವನ ಕತೆ ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ಧ್ವನಿಮುದ್ರಕನಿದ್ದ. ಅವನ ತಾಯಿ ಹಾಡುಗಾರ್ತಿಯಲ್ಲ. ಹಾಡುಗಾರ್ತಿಗೆ ಸೊಲ್ಲು ಕೊಡುವವಳು. ಮದುವೆ ಮನೆಯಲ್ಲಿ ಹಾಡುವ ಹೆಂಗಸರ ಪದ್ಧತಿ ಹೀಗೆ. ಮುಂದಾಳು ಒಂದು ಸಾಲು ಹೇಳಿ ನಿಲ್ಲುತ್ತಾಳೆ. ಹಿಂದಾಳು ಅದೇ ಸಾಲನ್ನು ಎತ್ತಿಕೊಂಡು ತಿರುಗಿ ಹೇಳುತ್ತಾಳೆ. ಅಷ್ಟು ಹೊತ್ತಿನಲ್ಲಿ ಮುಂದಾಳು ಉಸಿರು ತೆಗೆದುಕೊಂಡು ಮುಂದಿನ ಸಾಲನ್ನು ನೆನಪು ಮಾಡಿಕೊಳ್ಳುತ್ತಾಳೆ. ಸೊಲ್ಲು ಕೊಡುವವಳು ಇಲ್ಲದಿದ್ದರೆ ಹಾಡು ಎರಡನೆಯ ಸಾಲಿಗೇ ಹೋಗುವುದಿಲ್ಲ. ಆದರೂ ಎಲೆ ಅಡಿಕೆಯ ತಟ್ಟೆ ಮೊದಲು ಹೋಗುವುದು ಮುಂದಾಳಿಗೆ. ಹೆಸರೂ ಅವಳದೇ.

ಈ ತಾಯಿ ಮೂವತ್ತು ವರ್ಷ ಒಬ್ಬ ಹಾಡುಗಾರ್ತಿಗೇ ಸೊಲ್ಲು ಕೊಟ್ಟಳು. ಅವಳ ದನಿ ಒರಟು. ಅರ್ಧ ಉಸಿರಿನಷ್ಟು ತಡವಾಗಿ ಎತ್ತಿಕೊಳ್ಳುತ್ತಿದ್ದಳು. ಸಾಲಿನ ಕೊನೆಯನ್ನು ಮೆಲ್ಲಗೆ ತಗ್ಗಿಸಿ ಬಿಡುತ್ತಿದ್ದಳು, ಸೊಂಟದ ಕೊಡವನ್ನು ನೀರು ತುಳುಕದಂತೆ ಇಳಿಸುವ ಹಾಗೆ. ಮಗ ಚಿಕ್ಕವನಾಗಿದ್ದಾಗ ಹಾಡಿನ ಹೊತ್ತಿನಲ್ಲಿ ಅವಳ ಮಡಿಲಲ್ಲೇ ಮಲಗಿರುತ್ತಿದ್ದ. ಕಿವಿಗಿಂತ ಮೊದಲು ಅವನ ಬೆನ್ನಿಗೆ ಆ ದನಿ ಕೇಳಿಸುತ್ತಿತ್ತು. ತಾಯಿ ಸಾಲನ್ನು ತಗ್ಗಿಸುವ ಹೊತ್ತಿಗೆ ಅವನಿಗೆ ನಿದ್ದೆ ಬಂದಿರುತ್ತಿತ್ತು.

ಮಗ ಬೆಳೆದ. ಕಸುಬು ಕಲಿತ. ತಾಯಿಯನ್ನೂ ಪಟ್ಟಣಕ್ಕೆ ಕರೆತಂದು ಜೊತೆಯಲ್ಲೇ ಇಟ್ಟುಕೊಂಡ. ಒಳ್ಳೆಯ ಮಗನೇ, ಅದರಲ್ಲಿ ಎರಡು ಮಾತಿಲ್ಲ. ಅವನಲ್ಲಿ ಒಂದು ಟೇಪ್ ಎಕೋ ಯಂತ್ರವಿತ್ತು. ಅದರೊಳಗೆ ಒಂದು ತುಂಡು ಟೇಪು ತುದಿ ಮೊದಲಿಲ್ಲದೆ ಸುತ್ತುತ್ತಿತ್ತು. ಹಾಡಿದ್ದನ್ನು ಒಂದು ಕಡೆ ಬರೆದುಕೊಂಡು, ಕ್ಷಣದ ನಂತರ ಇನ್ನೊಂದು ಕಡೆ ಓದಿ ಹೇಳುತ್ತಿತ್ತು. ಆ ಸುತ್ತಮುತ್ತ ಯಾರಲ್ಲೂ ಅಂಥ ಯಂತ್ರವಿರಲಿಲ್ಲ. ಅದನ್ನು ಅವನು ದಿನಕ್ಕೆರಡು ಸಲ ಬಟ್ಟೆಯಲ್ಲಿ ಒರೆಸುತ್ತಿದ್ದ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ ಜಾಹೀರಾತಿಗೂ ಎಕೋ, ಭಜನೆಗೂ ಎಕೋ ಹಾಕುತ್ತಿದ್ದ.

ಒಂದು ಸಲ ಮದುವೆ ಹಾಡುಗಳ ಕ್ಯಾಸೆಟ್ ಮಾಡಬೇಕೆಂದು ಆ ಹಾಡುಗಾರ್ತಿಯನ್ನು ಕರೆಸಿದ. ತಾಯಿಯೂ ಸೀರೆ ಬದಲಾಯಿಸಿಕೊಂಡು, ತಲೆ ಬಾಚಿಕೊಂಡು ಬಂದಳು. ಇಬ್ಬರೂ ಎದುರು ಬದುರು ಕೂತರು. ಮೊದಲಿಗೆ ಹಸೆ ಹಾಡು. ಮದುವಣಗಿತ್ತಿಯನ್ನು ಹಸೆಮಣೆಗೆ ಕರೆಯುವ ಹಾಡು ಅದು. ಹನ್ನೆರಡು ಸಾಲು.

“ಹಾಲು ಉಕ್ಕಿದ್ದಾಯ್ತು, ಹಸೆಯ ಬರೆದಿದ್ದಾಯ್ತು, ಎಲ್ಲಿದ್ದಿ ಮಗಳೆ ಬಾರವ್ವ” ಎಂದು ಹಾಡುಗಾರ್ತಿ ಹೇಳಿ ನಿಂತಳು. ತಾಯಿ ಎತ್ತಿಕೊಂಡಳು. ಟೇಪು ಇನ್ನೂ ಓಡುತ್ತಿರಲಿಲ್ಲ.

ಮಗ ಹೆಡ್‌ಫೋನಿನಲ್ಲಿ ಕೇಳಿದ. ಮನೆಯಲ್ಲಿ ಹಿತವಾಗಿದ್ದ ದನಿ ಮೈಕಿನಲ್ಲಿ ಒರಟಾಗಿ ಕೇಳಿಸಿತು. ತಡವಾಗಿಯೂ ಕೇಳಿಸಿತು. ಅವನಿಗೆ ಮುಜುಗರವಾಯಿತು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

“ಅವ್ವಾ, ನೀನು ಸುಮ್ನೆ ಕೂತ್ಕೊ. ನಿನ್ನ ಸೊಲ್ಲ ಈ ಮಿಷನ್ನೇ ಹೇಳ್ತದೆ” ಎಂದ.

ತಾಯಿ ಮಗನ ಮುಖ ನೋಡಿದಳು. ಯಂತ್ರದ ಮುಖವನ್ನೂ ನೋಡಿದಳು. ಆಮೇಲೆ ನಕ್ಕಳು. “ನಾನೂ ಅದೇ ಅನ್ಕೊಂಡೆ ಕಣ್ ಮಗ. ನನ್ನ ಗಂಟ್ಲು ಯಾವಾಗ್ಲೂ ಕಟ್ಕೊಂಡಿರ್ತದೆ. ಮಿಷನ್ನಾದ್ರೆ ದಣಿಯಾಕಿಲ್ಲ” ಎಂದಳು.

ಅವಳು ಎದ್ದು ಹೋಗಿ ಮೂಲೆಯಲ್ಲಿ ಚಾಪೆಯ ಮೇಲೆ ಕೂತಳು. ಹಾಡುಗಾರ್ತಿ ಒಬ್ಬಳೇ ಹಾಡಿದಳು. ಮೂವತ್ತು ವರ್ಷದ ರೂಢಿ; ಪ್ರತಿ ಸಾಲಿನ ಕೊನೆಗೂ ನಿಂತು, ಒಂದು ಸಾಲಿನಷ್ಟು ಜಾಗ ಬಿಟ್ಟು, ಆಮೇಲೆ ಮುಂದಿನ ಸಾಲಿಗೆ ಹೋದಳು. ಮಗ ಅದನ್ನು ಮೊದಲು ಹಾಗೆಯೇ ಟೇಪಿಗೆ ಇಳಿಸಿಕೊಂಡ. ಆಮೇಲೆ ಇನ್ನೊಂದು ಟೇಪಿನಲ್ಲಿ ಎಕೋ ಬೆರೆಸಿದ. ಹಾಡುಗಾರ್ತಿ ಬಾರವ್ವ ಎಂದರೆ ಯಂತ್ರ ಬಾರವ್ವ, ಬಾರವ್ವ, ಬಾರವ್ವ ಎಂದು ದೂರ ದೂರ ಹೋಗಿ ಅಡಗುತ್ತಿತ್ತು. ಪೂರ್ತಿ ಸಾಲನ್ನು ಅದು ಹೇಳುತ್ತಿರಲಿಲ್ಲ. ಬಾಲವನ್ನಷ್ಟೇ ಹೇಳುತ್ತಿತ್ತು. ಅದೇ ಜನಕ್ಕೆ ಹಿಡಿಸಿತು.

ಕ್ಯಾಸೆಟ್ ಮದುವೆ ಮದುವೆಗೂ ಹೋಯಿತು. ಕ್ಯಾಸೆಟ್ ಹೋದ ಮನೆಗೆ ಹಾಡುವವರನ್ನು ಕರೆಯಬೇಕಾಗಿರಲಿಲ್ಲ. ವರ್ಷ ಎರಡು ವರ್ಷದಲ್ಲಿ ತಾಯಿ ಸೊಲ್ಲು ಕೊಡುವುದನ್ನು ಬಿಟ್ಟಳು. ಬಿಟ್ಟೆ ಎಂದು ಅವಳು ಹೇಳಲಿಲ್ಲ, ಯಾಕೆ ಬಿಟ್ಟೆ ಎಂದು ಇವನು ಕೇಳಲಿಲ್ಲ. ಅಡುಗೆ ಮನೆಯಲ್ಲಿ ಕೆಲಸ ಮಾಡುವಾಗಲೂ ಅವಳು ಗುನುಗುತ್ತಿರಲಿಲ್ಲ. ಅದು ಅವನ ಗಮನಕ್ಕೆ ಬರಲೇ ಇಲ್ಲ. ಅವನ ಕಿವಿಯಲ್ಲಿ ಯಾವಾಗಲೂ ಹೆಡ್‌ಫೋನ್ ಇರುತ್ತಿತ್ತು.

ಮುಂದೆ ಎಷ್ಟೋ ವರ್ಷಕ್ಕೆ ತಾಯಿ ತೀರಿಕೊಂಡಳು. ಕ್ರಿಯೆ ಮುಗಿದು ನೆಂಟರು ಹೋದ ಮೇಲೆ ಅವನಿಗೆ ಅವಳ ದನಿ ಕೇಳಬೇಕೆನಿಸಿತು. ಇದು ದೊಡ್ಡ ಆಸೆಯೇನಲ್ಲ. ಅವನ ಕಪಾಟಿನಲ್ಲಿ ಊರವರೆಲ್ಲರ ದನಿಯಿತ್ತು. ಸೋಪಿನ ಪುಡಿ ಮಾರುವವನ ದನಿಯಿತ್ತು. ಚುನಾವಣೆಯಲ್ಲಿ ಸೋತವರ ಭಾಷಣಗಳಿದ್ದವು. ಎಮ್ಮೆಯ ಕೊರಳ ಗಂಟೆಯ ಸದ್ದೂ ಇತ್ತು. ತಾಯಿಯ ಒಂದು ಮಾತೂ ಇರಲಿಲ್ಲ. ನಾಳೆ ಮುದ್ರಿಸಿದರಾಯಿತು, ಮನೆಯಲ್ಲೇ ಇದ್ದಾಳಲ್ಲ ಎಂದು ಬಿಟ್ಟಿದ್ದ.

ಬೆಳಿಗ್ಗೆ ಕಾಫಿ ಕುಡಿಯುವಾಗ ಅವಳು “ಆರೋಯ್ತದೆ ಕುಡಿ ಮಗ” ಎನ್ನುತ್ತಿದ್ದಳು. ಆ ಮಾತನ್ನು ಅವನು ಮನಸ್ಸಿನಲ್ಲೇ ಹೇಳಿಕೊಂಡು ನೋಡುತ್ತಿದ್ದ. ಮಾತು ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಮುಖ ಮರೆತರೆ ಫೋಟೋ ಇದೆ. ದನಿ ಮರೆತರೆ ಏನು ಮಾಡುವುದು? ದಿನ ಕಳೆದಂತೆ ಅದು ತನ್ನಿಂದ ಜಾರಿ ಹೋಗುತ್ತಿದೆ ಎಂದು ಅವನಿಗೆ ಭಯವಾಯಿತು. ಕಾಫಿ ಎಷ್ಟೋ ದಿನ ಲೋಟದಲ್ಲೇ ಆರಿತು.

ಅಷ್ಟು ಹೊತ್ತಿಗೆ ಹಳೆಯ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಅದೇ ಯಂತ್ರ ಕಂಪ್ಯೂಟರಿನೊಳಗೆ ಪ್ಲಗಿನ್ ಆಗಿ ಬಂದಿತ್ತು. ಹಳೆಯದು ಮಾಡುತ್ತಿದ್ದುದನ್ನೆಲ್ಲ ಮಾಡುತ್ತಿತ್ತು, ಮಾಡಲಾಗದ್ದನ್ನೂ ಮಾಡುತ್ತಿತ್ತು. ಅವನಿಗೆ ಒಂದು ಯೋಚನೆ ಬಂತು. ಹಾಡುಗಾರ್ತಿಯ ದನಿ ಇದೆ. ಅದನ್ನೇ ತಡ ಮಾಡಿ, ಒರಟು ಮಾಡಿ, ನಡುಗಿಸಿದರೆ ಅವ್ವನ ಸೊಲ್ಲು ಆಗಬಾರದೇಕೆ? ಯಾವ ಯಂತ್ರ ಅವ್ವನನ್ನು ಎಬ್ಬಿಸಿ ಕಳಿಸಿತೋ ಅದೇ ಯಂತ್ರ ಅವಳನ್ನು ಕರೆದುಕೊಂಡು ಬರಲಿ ಎಂದುಕೊಂಡ.

ಎಕೋ ಬೆರೆಸದ ಮೊದಲ ಟೇಪನ್ನು ಹುಡುಕಿ ತೆಗೆದ. ಅದನ್ನು ಕಂಪ್ಯೂಟರಿಗೆ ಹಾಕಿಕೊಂಡ. ಸಾಲು ಸಾಲಿನ ನಡುವೆ ಟೇಪಿನ ಸುಯ್ಯೆನ್ನುವ ಸದ್ದಿತ್ತು, ಇನ್ನೂ ಏನೇನೋ ಇತ್ತು. ಕಸ ಎಂದು ಎಲ್ಲವನ್ನೂ ಒರೆಸಿದ. ನಮ್ಮ ಕಸುಬಿನವರೆಲ್ಲ ಮೊದಲು ಮಾಡುವ ಕೆಲಸವೇ ಅದು. ಮನೆಗೆ ಯಾರು ಬರುತ್ತಾರೆಂದು ನೋಡುವ ಮೊದಲೇ ನಾವು ಪೊರಕೆ ಹಿಡಿಯುತ್ತೇವೆ.

ಮೊದಲನೆಯ ನಾಬ್, ದನಿ ಎಷ್ಟು ತಡವಾಗಿ ಬರಬೇಕೆಂಬುದು. ಸಾಲು ಪೂರ್ತಿ ಮುಗಿದು, ಮೇಲೆ ಅರ್ಧ ಉಸಿರು ಕಳೆಯುವಷ್ಟು ತಿರುಗಿಸಿದ. ಎರಡನೆಯದು, ಎಷ್ಟು ಸಲ ಬರಬೇಕೆಂಬುದು. ಒಂದೇ ಸಲ ಸಾಕು. ಮೂರನೆಯದು, ಟೇಪು ಎಷ್ಟು ಹಳೆಯದಾಗಿರಬೇಕೆಂಬುದು. ಹಳೆಯದಾದಷ್ಟೂ ದನಿ ಮಂಕಾಗುತ್ತದೆ, ಒರಟಾಗುತ್ತದೆ. ನಾಲ್ಕನೆಯದು, ಟೇಪು ಎಷ್ಟು ಓಲಾಡಬೇಕೆಂಬುದು. ತಾಯಿಯ ದನಿ ಕೊನೆಯ ದಿನಗಳಲ್ಲಿ ನಡುಗುತ್ತಿತ್ತು, ಅಷ್ಟೇ ನಡುಗಿಸಿದ. ಐದನೆಯದು ರಿವರ್ಬ್, ಕೋಣೆ ಎಷ್ಟು ದೊಡ್ಡದೆಂಬುದು. ಮದುವೆ ಮನೆಯ ನಡುಮನೆಯಷ್ಟು ಇಟ್ಟ. ಆರನೆಯದು ಮಿಕ್ಸ್, ಹಾಡಿದ್ದು ಎಷ್ಟು, ಮರಳಿದ್ದು ಎಷ್ಟು ಕೇಳಬೇಕೆಂಬುದು. ಅದನ್ನು ನಡುವೆ ನಿಲ್ಲಿಸಿದ.

ಹಾಡು ಹಚ್ಚಿದ. ಎಲ್ಲಿದ್ದಿ ಮಗಳೆ ಬಾರವ್ವ ಎಂದು ಹಾಡುಗಾರ್ತಿ ನಿಂತಳು. ಅರ್ಧ ಉಸಿರು ಕಳೆಯಿತು. ಒರಟು ದನಿಯೊಂದು ನಡುಗುತ್ತಾ ಸಾಲನ್ನು ಎತ್ತಿಕೊಂಡಿತು. ಅವನ ಮೈ ಜುಮ್ಮೆಂದಿತು. ಅವ್ವಾ ಎಂದು ಬಾಯಿಗೆ ಬಂತು.

ಸಾಲಿನ ಕೊನೆ ಬಂತು. ಅಲ್ಲಿ ತಾಯಿ ದನಿ ತಗ್ಗಿಸುತ್ತಿದ್ದಳು. ಈ ದನಿ ತಗ್ಗಿಸಲಿಲ್ಲ. ಹಾಡುಗಾರ್ತಿ ಹೇಗೆ ಬಿಟ್ಟಿದ್ದಳೋ ಹಾಗೆಯೇ ಬಿಟ್ಟಿತು.

ಅವನು ಕೈ ಬಿಡಲಿಲ್ಲ. ಟೇಪನ್ನು ಇನ್ನೂ ಹಳೆಯದು ಮಾಡಿದ. ಓಲಾಟ ಹೆಚ್ಚಿಸಿದ. ಕೋಣೆಯನ್ನು ದೇವಸ್ಥಾನದಷ್ಟು ಮಾಡಿದ, ಬಚ್ಚಲಿನಷ್ಟು ಮಾಡಿದ. ಹಾಡಿದ್ದನ್ನು ಪೂರ್ತಿ ತೆಗೆದು ಮರಳಿದ್ದನ್ನಷ್ಟೇ ಕೇಳಿದ. ಆಗ ಯಾರೋ ಕರೆಯದೆಯೇ ಓಗೊಟ್ಟ ಹಾಗೆ ಕೇಳಿಸಿತು. ಕೊನೆಗೆ ಎರಡನೆಯ ನಾಬನ್ನು ತುದಿಯವರೆಗೆ ತಿರುಗಿಸಿದ. ಒಂದೇ ಮಾತು ತನ್ನ ಮೇಲೆ ತಾನೇ ಬಿದ್ದು, ಸುತ್ತಿ ಸುತ್ತಿ, ಹಾಡೂ ಅಲ್ಲದ ಮಾತೂ ಅಲ್ಲದ ಒಂದು ಊಳಾಯಿತು. ಅವನು ಹೆಡ್‌ಫೋನ್ ಕಿತ್ತೆಸೆದ. ಹೀಗೆ ಮೂರು ತಿಂಗಳು ಕಳೆದವು.

ಕೊನೆಗೆ ತಾಯಿಯ ದನಿಯನ್ನು ತನಗಿಂತ ಚೆನ್ನಾಗಿ ಬಲ್ಲವರನ್ನೇ ಕೇಳೋಣ ಎಂದು ಹಾಡುಗಾರ್ತಿಯ ಊರಿಗೆ ಹೋದ. ಅವಳು ಈಗ ಹಣ್ಣು ಹಣ್ಣು ಮುದುಕಿ. ಜಗಲಿಯ ಬಿಸಿಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವನು ತನಗೆ ಎಲ್ಲಕ್ಕಿಂತ ಸರಿ ಎನಿಸಿದ್ದನ್ನು ಆರಿಸಿ ತಂದು, ಹೆಡ್‌ಫೋನನ್ನು ಅವಳ ಕಿವಿಗಿಟ್ಟ. ಅವಳು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು, ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು.

“ಇದು ನಾನೇ ಅಲ್ವಾ ಕಂದ? ನಂಗೆ ನಾನೇ ಸೊಲ್ಲು ಕೊಟ್ರೆ ಅದು ಹಾಡಾಯ್ತದಾ?” ಎಂದಳು.

“ಅವ್ವನ ದನಿ ಎಲ್ಲೂ ಇಲ್ಲ ದೊಡ್ಡವ್ವ. ಅದಕ್ಕೇ ನಿಮ್ಮ ದನೀಲೇ ಮಾಡಕ್ಕೆ ನೋಡ್ದೆ” ಎಂದು ಅವನು ಅತ್ತ.

ಮುದುಕಿ ಅವನ ಬೆನ್ನು ಸವರಿದಳು. “ಎಲ್ಲೂ ಇಲ್ಲ ಅಂತೀಯಲ್ಲ, ನಿಮ್ಮವ್ವ ಚಿಕ್ತಾಯಿ ಅವತ್ತು ಅಲ್ಲೇ ಮೂಲೇಲಿ ಕೂತಿದ್ಲಲ್ಲಪ್ಪ. ನಾನು ಸಾಲು ಬಿಟ್ಟಾಗೆಲ್ಲ ಎತ್ಕೊಳ್ಳಕ್ಕೆ ಅಂತ ಉಸಿರು ತಗೊಳ್ಳೋಳು. ನೀನು ಬ್ಯಾಡ ಅಂದಿದ್ದು ನೆಪ್ಪಾಗಿ ಬಾಯಿ ಮುಚ್ಕೊಳ್ಳೋಳು. ನಂಗೆ ಆ ಕಡೆ ನೋಡಕ್ಕೇ ಆಯ್ತಿರ್ನಿಲ್ಲ. ಆ ಉಸಿರು ಇದ್ರಲ್ಲಿ ಕೇಳಿಸ್ನಿಲ್ಲ. ಅದನ್ನೇನ್ ಮಾಡ್ದೆ?” ಎಂದಳು.

ಚಿಕ್ಕತಾಯಮ್ಮ ಎಂಬ ತಾಯಿಯ ಹೆಸರನ್ನು ಅಷ್ಟು ಸಲೀಸಾಗಿ ಮೊಟಕು ಮಾಡಿ ಕರೆಯುವವರು ಇನ್ನೊಬ್ಬರಿರಲಿಲ್ಲ. ಮುದುಕಿ ಸುಲಿದ ಅವರೆಕಾಳನ್ನು ಒಂದು ಚೀಲಕ್ಕೆ ಹಾಕಿ ಕೊಟ್ಟಳು. ಅದನ್ನು ಹಿಡಿದುಕೊಂಡು ಬಸ್ಸು ಹತ್ತಿದ.

ಮನೆಗೆ ಬಂದವನೇ ಚೀಲವನ್ನೂ ಇಳಿಸದೆ ಕಂಪ್ಯೂಟರಿನ ಮುಂದೆ ಕೂತ. ಆರೂ ನಾಬ್‌ಗಳನ್ನು ಸೊನ್ನೆಗೆ ತಂದ. ಒರೆಸಿದ್ದನ್ನೆಲ್ಲ ಮರಳಿಸಿದ. ಟೇಪಿನ ಸುಯ್ಯೆನ್ನುವ ಸದ್ದು ಬಂತು. ಹಾಡುಗಾರ್ತಿ ಮೊದಲ ಸಾಲು ಹೇಳಿ ನಿಂತಳು.

ಆ ಸದ್ದಿನ ಆಚೆ, ದೂರದ ಮೂಲೆಯಲ್ಲಿ, ಒಬ್ಬರು ಉಸಿರೆಳೆದುಕೊಂಡರು.

ಅರ್ಧ ಉಸಿರು ತಡವಾಗಿ. ಆಮೇಲೆ ಏನೂ ಇಲ್ಲ. ಒಂದು ಬಳೆಯ ಸದ್ದು, ಕೈ ಬಾಯಿಗೆ ಹೋದಾಗ ಆಗುವಷ್ಟು.

ಅವನು ಮೂರು ತಿಂಗಳು ಹುಡುಕಿದ್ದು ಇದನ್ನೇ. ಮೊದಲ ದಿನವೇ ಕಸ ಎಂದು ಗುಡಿಸಿದ್ದೂ ಇದನ್ನೇ. ಎರಡನೆಯ ಸಾಲು ಬಂತು, ಉಸಿರು ಬಂತು. ಮೂರನೆಯ ಸಾಲು ಬಂತು, ಉಸಿರು ಬಂತು. ಅವನು ಬೆರಳು ಮಡಿಸುತ್ತಾ ಹೋದ. ಪ್ರತಿ ಸಲವೂ ಈಗ ಹಾಡುತ್ತಾಳೆ, ಈಗ ಹಾಡುತ್ತಾಳೆ ಎಂದು ಕಾದ. ಮುಗಿದುಹೋದದ್ದು ಎಂದು ಗೊತ್ತಿದ್ದೂ ಕಾದ. ಹಾಡು ಅವ್ವಾ, ಹೇಳು ಎಂದು ಬೇಡಿಕೊಂಡ. ಆ ಕೋಣೆಯಲ್ಲಿ ಅವಳನ್ನು ತಡೆದವನು ಅವನಲ್ಲದೆ ಬೇರೆ ಯಾರೂ ಆಗಿರಲಿಲ್ಲ.

ಏಳು ಸಲ ತಾಯಿ ಉಸಿರೆಳೆದುಕೊಂಡಿದ್ದಳು. ಎಂಟನೆಯ ಸಾಲಿನ ಕೊನೆಗೆ ಉಸಿರು ಬರಲಿಲ್ಲ. ಒಂಬತ್ತರಲ್ಲೂ ಇಲ್ಲ, ಹತ್ತರಲ್ಲೂ ಇಲ್ಲ. ಕೊನೆಯವರೆಗೂ ಬರಲಿಲ್ಲ. ಎಂಟನೆಯ ಸಾಲಿನ ಹೊತ್ತಿಗೆ ಅವಳಿಗೆ ಸುಮ್ಮನಿರುವುದು ರೂಢಿಯಾಗಿತ್ತು.

ಅವನು ಮತ್ತೆ ಎಂಟನೆಯ ಸಾಲಿಗೆ ಹಿಂದೆ ಹೋದ. ಹಾಡುಗಾರ್ತಿ ಜಾಗ ಬಿಟ್ಟಳು. ಆ ಜಾಗದಲ್ಲಿ ಅವನೇ ಬಾಯಿ ತೆರೆದ. ಸಾಲು ಗೊತ್ತಿತ್ತು. ಕೊನೆಯನ್ನು ಹೇಗೆ ತಗ್ಗಿಸಬೇಕೆಂಬುದೂ ಅವನ ಬೆನ್ನಿಗೆ ಗೊತ್ತಿತ್ತು. ದನಿ ಹೊರಡಲಿಲ್ಲ. ಹಾಡುಗಾರ್ತಿ ಒಂದು ಸಾಲಿನಷ್ಟು ಹೊತ್ತು ಕಾದಳು, ಆಮೇಲೆ ಒಂಬತ್ತನೆಯ ಸಾಲಿಗೆ ಹೋದಳು.

ಇಷ್ಟು ಹೇಳಿ ಗುರುಗಳು ಮಾತು ನಿಲ್ಲಿಸಿದರು.

ಶಿಷ್ಯೆಯ ಕಣ್ಣು ತುಂಬಿತ್ತು. ಆದರೂ ಕೇಳಲು ಬಂದದ್ದನ್ನು ಕೇಳದೆ ಅವಳಿಗೆ ಸಮಾಧಾನವಿರಲಿಲ್ಲ. “ಅಯ್ಯೋ ಪಾಪ. ಆಮೇಲೆ ಅವನು ನಾಬ್‌ಗಳನ್ನು ಎಲ್ಲಿಗಿಟ್ಟ ಗುರುಗಳೇ? ನಾನು ಎಲ್ಲಿಗಿಡಲಿ?” ಎಂದಳು.

ಗುರುಗಳು ಕಿಟಕಿಯ ಗಾಜಿನಾಚೆ ನೋಡಿದರು. ಬೆಂಚಿನ ಮೇಲೆ ಅಕ್ಕ ಸೆರಗು ಹೊದ್ದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಾ ಕೂತಿದ್ದಳು.

“ನಾಬ್ ಇರಲಿ ಮಗಳೇ, ಹೊರಗೆ ಕೂತಿರುವ ನಿನ್ನಕ್ಕ ಈಗ ಎಷ್ಟನೆಯ ಸಾಲಿನಲ್ಲಿದ್ದಾಳೆ?” ಎಂದರು.